ಕಪ್ಪು ಬಿಳುಪು ಚಿತ್ರ ಬೂದಿ ಬಳಿದಂತಿದ್ದರೆ ಕೆಟ್ಟಿದ್ದು ಎಲ್ಲಿ?

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗ ದೀಪಾವಳಿ ರಜೆಯಲ್ಲಿ ಕುಂತಿ ಬೆಟ್ಟ ಹತ್ತಿದ್ದ. ಪಾಂಡವಪುರದ ಪಕ್ಕದ ಆ ಜೋಡಿ ಬಂಡೆಗುಡ್ಡದ ಮೇಲೆ ನಿಂತರೆ ಕೆಳಗೆ ಕಬ್ಬು, ಭತ್ತ, ತೆಂಗಿನ ಸಾಲು, ನಡುವೆ ಕೆಮ್ಮಣ್ಣಿನ ಗಾಡಿದಾರಿ, ಮೇಲೆ ತಿಳಿನೀಲಿ ಆಕಾಶ. ಬಣ್ಣದಲ್ಲಿ ನೋಡಿದರೆ ಕಣ್ಣು ತುಂಬುವ ನೋಟ. ಅದನ್ನು ಕಪ್ಪು ಬಿಳುಪು ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ. ಕೆಳಗೆ ಒಂದು ಸಾಲು: "ಮಾವ, ಇದ್ಯಾಕೆ ಒಲೆ ಬೂದಿ ಬಳ್ದಂಗೈತೆ? ಕ್ಯಾಮೆರಾ ಕೆಟ್ಟೋಯ್ತಾ?"

ಕ್ಯಾಮೆರಾ ಕೆಟ್ಟಿರಲಿಲ್ಲ. ನನ್ನದೇ ಹಳೆಯ ಕ್ಯಾಮೆರಾ ಅದು, ಅದರ ಗುಣ ನನಗೆ ಗೊತ್ತು. ಆದರೆ ಚಿತ್ರ ಮಂಕಾಗಿದೆ ಅನ್ನಿಸಿದ ಕೂಡಲೇ ಎಲ್ಲರ ಬೆರಳೂ ಕಪ್ಪು ಬಿಳುಪಿನ ಅಂತರ ಹೆಚ್ಚಿಸುವ ಕಾಂಟ್ರಾಸ್ಟ್ ಸ್ಲೈಡರ್ ಮೇಲೆ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮಂಕುತನ ಬೆಳಕಿನಿಂದ ಬಂದಿರಬಹುದು, ಲೆನ್ಸಿನ ಗಾಜಿನಿಂದ ಬಂದಿರಬಹುದು, ಎಕ್ಸ್‌ಪೋಶರ್‌ನಿಂದ (ಕ್ಯಾಮೆರಾದೊಳಗೆ ಬಿಟ್ಟ ಬೆಳಕಿನ ಅಳತೆ) ಬಂದಿರಬಹುದು, ಬಣ್ಣವನ್ನು ಬೂದುಬಣ್ಣಕ್ಕೆ ಇಳಿಸುವಾಗ ಬಂದಿರಬಹುದು, ಕೊನೆಗೆ ಕಾಗದದ ಮೇಲೂ ಬಂದಿರಬಹುದು. ಯಾವ ಬಾಗಿಲಿನಿಂದ ಬಂತೆಂದು ತಿಳಿಯದೆ ಮದ್ದು ಹಾಕಿದರೆ ಇದ್ದ ಚಿತ್ರವೂ ಕೆಡುತ್ತದೆ.

ಮೊದಲು ಮೂಲ ಫೈಲ್ ತೆರೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದನ್ನು ನೋಡಿ ತೀರ್ಪು ಕೊಡಬೇಡಿ, ಅದು ದಾರಿಯಲ್ಲಿ ಕುಗ್ಗಿ, ಹಿಂಡಿಸಿಕೊಂಡು ಬಂದಿರುತ್ತದೆ. ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಹುಡುಗನಿಗೆ ಅಷ್ಟು ಬುದ್ಧಿ ಹೇಳಿದ್ದೆ, ರಾ (ಕ್ಯಾಮೆರಾ ಹಿಡಿದದ್ದನ್ನೆಲ್ಲ ಉಳಿಸುವ ಕಚ್ಚಾ ಫೈಲ್) ಮತ್ತು ಜೆಪೆಗ್ (ಹಿಂಡಿದ ಮಾಮೂಲಿ ಫೋಟೋ ಫೈಲ್) ಎರಡೂ ಉಳಿಸಿಕೊಂಡಿದ್ದ.

ಬೂದಿ ಎಲ್ಲಿಂದ ಬಂತು

ಇದೇ ಎಲ್ಲಕ್ಕಿಂತ ಹೆಚ್ಚು ಬರುವ ದೂರು, ಹಾಗಾಗಿ ಇದರ ಮೇಲೆ ಸ್ವಲ್ಪ ಹೊತ್ತು ಕೂರೋಣ.

ಬಣ್ಣದ ಫೈಲನ್ನೇ ತೆರೆದು, ಕಲರ್ ಪಿಕ್ಕರ್ ಹಿಡಿದು ಮೂರು ಕಡೆ ಒತ್ತಿ. ಎಡಿಟಿಂಗ್ ಸಾಫ್ಟ್‌ವೇರ್ ಯಾವುದಾದರೂ ಆಗಲಿ, ಕೆಂಪು, ಹಸಿರು, ನೀಲಿಯ ಅಂಕಿ ತೋರಿಸುತ್ತದೆ, ಸೊನ್ನೆಯಿಂದ 255ರವರೆಗೆ. ಇವನ ಚಿತ್ರದಲ್ಲಿ ಕಬ್ಬಿನ ಮೇಲೆ ಒತ್ತಿದಾಗ 118, 142, 58 ಬಂತು. ಕೆಮ್ಮಣ್ಣಿನ ದಾರಿ 140, 95, 60. ದಿಗಂತಕ್ಕಿಂತ ಮೇಲಿನ ಆಕಾಶ 128, 165, 205.

ಈಗ ಇವನು ಮಾಡಿದ್ದೇನು? ಬಣ್ಣ ತೆಗೆಯುವ ಒಂದು ಗುಂಡಿ ಒತ್ತಿದ್ದ, ಅಷ್ಟೇ. ಆ ಗುಂಡಿಯ ಹಿಂದೆ ಯಾವ ಲೆಕ್ಕ ಇದೆ ಅನ್ನುವುದು ಸಾಫ್ಟ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ಬೇರೆ. ಒಂದು ಬಗೆಯಲ್ಲಿ ಮೂರು ಅಂಕಿಗಳ ಪೈಕಿ ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಲೈಟ್‌ನೆಸ್ ಎಂದು ಹೆಸರು. ಕಬ್ಬಿಗೆ ಲೆಕ್ಕ ಹಾಕಿ: 142 ಮತ್ತು 58 ಕೂಡಿದರೆ 200, ಅರ್ಧ 100. ಮಣ್ಣಿಗೆ: 140 ಮತ್ತು 60 ಕೂಡಿದರೆ 200, ಅರ್ಧ 100. ಕಬ್ಬೂ ಮಣ್ಣೂ ಒಂದೇ ಬೂದು! ಗಾಡಿದಾರಿ ಗದ್ದೆಯೊಳಗೆ ಕರಗಿಹೋಗಿತ್ತು. ಈ ಲೆಕ್ಕದಲ್ಲಿ ಅಪ್ಪಟ ಕೆಂಪು, ಅಪ್ಪಟ ಹಸಿರು, ಅಪ್ಪಟ ನೀಲಿ ಮೂರೂ ಒಂದೇ ಬೂದಾಗುತ್ತವೆ. ಅಂದಮೇಲೆ ಬಯಲಿನ ಗತಿ ಏನು?

ಕಣ್ಣಿನ ಗುಣ ನೋಡಿ ಮಾಡಿದ ಇನ್ನೊಂದು ಲೆಕ್ಕವಿದೆ. ಹಸಿರಿಗೆ 0.587, ಕೆಂಪಿಗೆ 0.299, ನೀಲಿಗೆ 0.114 ಪಾಲು. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ಕಾಣುವುದರಿಂದ ಅದಕ್ಕೆ ದೊಡ್ಡ ಪಾಲು. ಇದರಲ್ಲಿ ಕಬ್ಬು 125ಕ್ಕೆ ಬರುತ್ತದೆ, ಮಣ್ಣು 104ಕ್ಕೆ. ಪರವಾಗಿಲ್ಲ, ದಾರಿ ಇದೆ ಅನ್ನುವಷ್ಟು ಗೊತ್ತಾಗುತ್ತದೆ.

ಆದರೆ ಸರಿಯಾದ ದಾರಿ ಮೂರು ಚಾನೆಲ್‌ಗಳನ್ನು, ಅಂದರೆ ಕೆಂಪು, ಹಸಿರು, ನೀಲಿಯ ಅಂಕಿಗಳನ್ನು, ಬಿಡಿಬಿಡಿಯಾಗಿ ನೋಡುವುದು. ಇವನು ಯಾರಿಂದಲೋ ಕೇಳಿದ್ದ, ಕಪ್ಪು ಬಿಳುಪು ಅಂದರೆ ಕೆಂಪು ಫಿಲ್ಟರ್, ಆಕಾಶ ಕಪ್ಪಗೆ, ಮೋಡ ಬೆಳ್ಳಗೆ. ಫಿಲ್ಮ್ ಕಾಲದಿಂದ ಬಂದ ಮಾತು, ಸುಳ್ಳಲ್ಲ. ಹಾಗಂತ ಈ ಚಿತ್ರಕ್ಕೆ ಹಾಕಿ ನೋಡಿ: ಕೆಂಪು ಚಾನೆಲ್‌ನಲ್ಲಿ ಆಕಾಶ 128, ಕಬ್ಬು 118, ಮಣ್ಣು 140. ಮೂರೂ ಒಂದೇ ಚಾಪೆಯ ಮೇಲೆ ಮಲಗಿವೆ. ಇಲ್ಲೂ ಅದೇ ಬೂದಿ! ಹಸಿರು ಚಾನೆಲ್ ನೋಡಿ: ಆಕಾಶ 165, ಕಬ್ಬು 142, ಮಣ್ಣು 95. ಗದ್ದೆ ಹೊಳೆಯುತ್ತದೆ, ದಾರಿ ಕಪ್ಪು ಗೆರೆಯಾಗಿ ಅದರೊಳಗೆ ಹರಿಯುತ್ತದೆ, ಆಕಾಶ ಮೇಲೆ ತಿಳಿಯಾಗಿ ನಿಲ್ಲುತ್ತದೆ. ನೀಲಿ ಚಾನೆಲ್‌ನಲ್ಲಿ ಆಕಾಶ 205, ಕಬ್ಬು 58, ಮಣ್ಣು 60. ಕೆಳಗಿನದೆಲ್ಲ ಒಂದೇ ಕತ್ತಲೆ. ಮೂರು ಚಾನೆಲ್‌ಗಳನ್ನು ಬೇಕಾದ ಪಾಲಿನಲ್ಲಿ ಬೆರೆಸುವ ಮೋನೋ ಮಿಕ್ಸರ್‌ನಲ್ಲಿ ಹಸಿರಿಗೆ ಹೆಚ್ಚು ಪಾಲು ಕೊಟ್ಟಾಗ ಅವನ ಬಯಲು ಎದ್ದು ಕೂತಿತು. ಕಾಂಟ್ರಾಸ್ಟ್ ಮುಟ್ಟಲೇ ಇಲ್ಲ.

ಮಂಡ್ಯ ಮೈಸೂರಿನ ಬಯಲಿಗೆ ಕೆಂಪು ಫಿಲ್ಟರ್ ಕಣ್ಣುಮುಚ್ಚಿ ಹಾಕಬಾರದು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ನಮ್ಮದು ಹಸಿರಿನ ಸೀಮೆ. ಕೆಂಪು ಫಿಲ್ಟರ್ ಎಲೆಯನ್ನು ಕಪ್ಪು ಮಾಡುತ್ತದೆ. ಫಿಲ್ಮ್‌ನಲ್ಲಿ ತೆಗೆಯುವವರಿಗೂ ಇಲ್ಲಿ ಹಳದಿ ಅಥವಾ ಹಳದಿಹಸಿರು ಫಿಲ್ಟರ್ ಒಳ್ಳೆಯ ಜೊತೆಗಾರ.

ಬಣ್ಣಬಣ್ಣದ ಸ್ಲೈಡರ್ ಇರುವ ಸಾಫ್ಟ್‌ವೇರ್ ಬಳಸುವವರು ಒಂದು ಕಡೆ ಎಡವುತ್ತಾರೆ. ಗದ್ದೆ ಬೆಳಗಾಗಲಿ ಎಂದು ಹಸಿರು ಸ್ಲೈಡರ್ ಎಳೆಯುತ್ತಾರೆ, ಗದ್ದೆ ಮಿಸುಕುವುದಿಲ್ಲ. ಬಿಸಿಲಿಗೆ ಮೈಯೊಡ್ಡಿದ ಎಲೆಯಲ್ಲಿ ಹಸಿರಿಗಿಂತ ಹಳದಿ ಪಾಲು ಹೆಚ್ಚು, ಮಾಗುವ ಭತ್ತದಲ್ಲಂತೂ ಕೇಳುವುದೇ ಬೇಡ. ಹಳದಿ ಸ್ಲೈಡರ್ ಎಳೆಯಿರಿ. ಮಣ್ಣಿಗೆ ಕಿತ್ತಳೆ. ಇನ್ನೊಂದು, ಕಪ್ಪು ಬಿಳುಪಿಗೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಯಾಕೆ ಎಂದು ಬಿಡಬೇಡಿ. ಅದನ್ನು ಬದಲಿಸಿದರೆ ಮೂರು ಚಾನೆಲ್‌ಗಳ ಪಾಲೂ ಬದಲಾಗುತ್ತದೆ, ಬೂದುಗಳೂ ಜಾಗ ಬದಲಿಸುತ್ತವೆ.

ಯಾವ ಸ್ಲೈಡರಿಗೂ ಜಗ್ಗದ ಬಂಡೆ

ಅದೇ ಚಿತ್ರದ ಮುಂಭಾಗದಲ್ಲಿ ಒಂದು ದೊಡ್ಡ ಬಂಡೆ ಇತ್ತು. ಹುಡುಗ ಆಮೇಲೆ ಎಲ್ಲ ಬಣ್ಣದ ಸ್ಲೈಡರ್‌ಗಳನ್ನೂ ಆ ತುದಿಯಿಂದ ಈ ತುದಿಗೆ ಎಳೆದಿದ್ದಾನೆ, ಬಂಡೆ ಹಾಗೆಯೇ ಸಪ್ಪೆಯಾಗಿ ಕೂತಿದೆ. ಪಿಕ್ಕರ್ ಒತ್ತಿದರೆ 120, 118, 115. ಮೂರೂ ಹತ್ತಿರ ಹತ್ತಿರ, ಅಂದರೆ ಅದಕ್ಕೆ ಬಣ್ಣವೇ ಇಲ್ಲ. ಬಣ್ಣದ ಸ್ಲೈಡರ್ ಬಣ್ಣವಿಲ್ಲದ್ದನ್ನು ಹೇಗೆ ಹಿಡಿದೀತು? ಮೋಡ ಕವಿದ ದಿನದ ಬಿಳಿ ಆಕಾಶಕ್ಕೂ ಇದೇ ಮಾತು. ನೀಲಿ ಸ್ಲೈಡರನ್ನು ಪಾತಾಳಕ್ಕೆ ಇಳಿಸಿದರೂ ಆ ಆಕಾಶ ಕಪ್ಪಾಗುವುದಿಲ್ಲ, ಕಾಳುಕಾಳು ನಾಯ್ಸ್ ಏಳುತ್ತದೆ ಅಷ್ಟೇ.

ಹಾಗಾಗಿ ಪರೀಕ್ಷೆ ಇಷ್ಟು. ಅಂಕಿಗಳು ಒಂದಕ್ಕೊಂದು ದೂರ ಇದ್ದು ಚಿತ್ರ ಮಂಕಾಗಿದ್ದರೆ ತಪ್ಪು ಬಣ್ಣ ಇಳಿಸುವ ಹಂತದ್ದು, ಮನೆಯಲ್ಲೇ ಕೂತು ಸರಿಪಡಿಸಬಹುದು. ಅಂಕಿಗಳೇ ಅಂಟಿಕೊಂಡಿದ್ದರೆ ತಪ್ಪು ಬೆಳಕಿನದು. ಬಂಡೆಯ ಬಿರುಕು, ಉಬ್ಬು, ತಗ್ಗು ಕಾಣಬೇಕಾದರೆ ಪಕ್ಕದಿಂದ ಬೆಳಕು ಬೀಳಬೇಕು. ಫೈಲಿನ ಸಮಯ ನೋಡಿದೆ: ಬೆಳಗ್ಗೆ 11.40. ಇನ್ನೇನು ಹೇಳುವುದು!

ಮೈಸೂರು ಮಂಡ್ಯ ಇರುವುದು ಉತ್ತರ ಅಕ್ಷಾಂಶ 12 ಡಿಗ್ರಿ ದಾಟಿದ ಜಾಗದಲ್ಲಿ. ಏಪ್ರಿಲ್ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್ ಮೂರನೇ ವಾರದ ಹೊತ್ತಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ನೆರಳು ಕಾಲಡಿ ಅವಿತುಕೊಳ್ಳುತ್ತದೆ. ಉಳಿದ ತಿಂಗಳುಗಳಲ್ಲೂ ಇಲ್ಲಿ ಸೂರ್ಯ ಬೇಗ ಬೇಗ ಮೇಲೇರುತ್ತಾನೆ. ಉದಯವಾಗಿ ಸುಮಾರು ಒಂದು ಗಂಟೆಯಲ್ಲಿ ದಿಗಂತದಿಂದ 15 ಡಿಗ್ರಿ ಎತ್ತರ ಮುಟ್ಟಿಬಿಡುತ್ತಾನೆ. ಓರೆ ಬಿಸಿಲು ನಮಗೆ ಸಿಗುವುದು ಅಷ್ಟು ಹೊತ್ತು. ಯೂರೋಪಿನವರು ಬರೆದ ಪಾಠ ಓದಿ ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಟರೆ ಬಂಡೆ ಸಪ್ಪೆಯೇ.

ಹೋದ ಜಾಗದಲ್ಲೇ ಗೊತ್ತಾಗಲಿ ಅಂದರೆ ಕ್ಯಾಮೆರಾದ ಪಿಕ್ಚರ್ ಸ್ಟೈಲನ್ನು ಮಾನೋಕ್ರೋಮ್‌ಗೆ ಇಟ್ಟು ರಾದಲ್ಲಿ ತೆಗೆಯಿರಿ. ಹಿಂದಿನ ಪರದೆಯಲ್ಲಿ ಕಪ್ಪು ಬಿಳುಪು ಕಾಣುತ್ತದೆ, ರಾ ಫೈಲಿನಲ್ಲಿ ಬಣ್ಣ ಪೂರ್ತಿ ಉಳಿದಿರುತ್ತದೆ. ಬರೀ ಜೆಪೆಗ್ ಇಟ್ಟರೆ ಬಣ್ಣ ಹೋಯಿತು, ಮತ್ತೆ ಬರುವುದಿಲ್ಲ. ಅದೂ ಬೇಡ ಅಂದರೆ ಕಣ್ಣು ಅರೆಮುಚ್ಚಿ ನೋಡಿ, ಗದ್ದೆ ಯಾವುದು ದಾರಿ ಯಾವುದು ಎಂದು ಬೇರೆ ಕಾಣದಿದ್ದರೆ ಆಗಲೇ ಎಚ್ಚರ.

ದೂರದ ಬೆಟ್ಟಕ್ಕೆ ಪರದೆ ಇಳಿಬಿಟ್ಟಂತೆ

ಹತ್ತಿರದ್ದೆಲ್ಲ ಚೆನ್ನಾಗಿದ್ದು ದೂರದ್ದು ಮಾತ್ರ ಮಂಕಾದರೆ ಅದು ಮಂಜೋ ಮಬ್ಬೋ ಮೊದಲು ನಿರ್ಧರಿಸಿ. ಎರಡಕ್ಕೂ ಮದ್ದು ಬೇರೆ. ಮಬ್ಬು ನೀಲಿಯಾಗಿ ಕಾಣುತ್ತದೆ, ಏಕೆಂದರೆ ಗಾಳಿ ನೀಲಿ ಬೆಳಕನ್ನು ಕೆಂಪಿಗಿಂತ ಬಹಳ ಹೆಚ್ಚು ಚದುರಿಸುತ್ತದೆ. ಇಲ್ಲಿ ಕೆಂಪು ಚಾನೆಲ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ದೂರದ ಬೆಟ್ಟದ ಭಾಗವನ್ನಷ್ಟೇ ಮಾಸ್ಕ್ ಮಾಡಿ (ಉಳಿದದ್ದಕ್ಕೆ ಬದಲಾವಣೆ ತಾಗದಂತೆ ಬೇರೆ ಮಾಡಿ) ಕೆಂಪು ಚಾನೆಲ್‌ನಿಂದ ತೆಗೆದುಕೊಳ್ಳಿ. ಮಂಜು ಬೆಳ್ಳಗಿರುತ್ತದೆ. ನೀರಿನ ಹನಿ ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ, ಕೆಂಪು ಫಿಲ್ಟರ್ ಅದರ ಮುಂದೆ ಸೋಲುತ್ತದೆ. ಮೂರೂ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಕೆಂಪಿನಲ್ಲಿ ಬೆಟ್ಟ ಸ್ಪಷ್ಟವಾದರೆ ಮಬ್ಬು. ಮೂರರಲ್ಲೂ ಒಂದೇ ಥರ ಮಂಕಾದರೆ ಮಂಜು. ಮಂಜಾದರೆ ಅದನ್ನು ಓಡಿಸುವ ಹಟ ಬೇಡ, ಮಂಜಿನ ಚಿತ್ರವನ್ನೇ ಮಾಡಿ. ಕಾವೇರಿ ದಂಡೆಯಲ್ಲಿ ಡಿಸೆಂಬರ್ ಬೆಳಗಿನ ಮಂಜನ್ನು ಯಾರಾದರೂ ಒರೆಸಿ ಹಾಕುತ್ತಾರೆಯೇ?

ಹತ್ತಿರದ್ದೂ ದೂರದ್ದೂ ಎರಡೂ ಮಂಕಾಗಿ, ಎಲ್ಲಿಯೂ ನಿಜವಾದ ಕಪ್ಪೇ ಇಲ್ಲದಿದ್ದರೆ ಗಾಜು ನೋಡಿ. ಇದರಲ್ಲಿ ನಾನು ಪೆಟ್ಟು ತಿಂದವನು. ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಸೂರ್ಯನ ಕಡೆ ಮುಖ ಮಾಡಿ ತೆಗೆದದ್ದೆಲ್ಲ ಹಾಲು ಸುರಿದಂತೆ ಬರುತ್ತಿತ್ತು. ಬೆಳಕು ಹಿಡಿಯುವ ಸೆನ್ಸರ್ ಹೋಯಿತೆಂದು ರಿಪೇರಿಗೆ ಕೊಟ್ಟೆ. ಎರಡು ವಾರ ಇಟ್ಟುಕೊಂಡು, ಏನೂ ಆಗಿಲ್ಲ ಎಂದು ವಾಪಸ್ ಕೊಟ್ಟರು. ತಪ್ಪು ಅವರದ್ದಲ್ಲ, ನಾನು ಕೊಟ್ಟದ್ದು ಬರೀ ಕ್ಯಾಮೆರಾ. ಮನೆಯಲ್ಲಿ ಉಳಿದ ಲೆನ್ಸಿನ ಮುಂದೆ ವರ್ಷಗಟ್ಟಲೆ ತೆಗೆಯದ ಒಂದು ಯುವಿ ಫಿಲ್ಟರ್ ಇತ್ತು, ಅದರ ಒಳಮೈಗೆ ತೆಳ್ಳನೆಯ ಎಣ್ಣೆಯಂಥ ಪದರ ಕಟ್ಟಿತ್ತು. ಬಿಸಿಲು ಹಿಂದಿನಿಂದ ಬಂದಾಗ ಗೊತ್ತೇ ಆಗುತ್ತಿರಲಿಲ್ಲ. ಪರೀಕ್ಷೆಗೆ ಎರಡು ನಿಮಿಷ ಸಾಕು: ಅದೇ ಜಾಗದಲ್ಲಿ ಫಿಲ್ಟರ್ ಇಟ್ಟು ಒಂದು, ತೆಗೆದು ಒಂದು, ಅಂಗೈಯಿಂದ ಲೆನ್ಸಿಗೆ ನೆರಳು ಕೊಟ್ಟು ಇನ್ನೊಂದು. ಮೂರು ಹಿಸ್ಟೋಗ್ರಾಮ್‌ಗಳ (ಕಪ್ಪಿನಿಂದ ಬಿಳುಪಿನವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಡ ತುದಿ, ಅಂದರೆ ಕಪ್ಪಿನ ಕಡೆ, ಹೋಲಿಸಿ.

ಬೆಟ್ಟದ ಅಂಚಿಗೆ ಬಿಳಿ ಗೆರೆ, ಆಕಾಶದಲ್ಲಿ ಪಟ್ಟೆ

ಇವು ಎಡಿಟಿಂಗ್ ಅತಿಯಾದಾಗ ಬರುವ ರೋಗ. ಆಕಾಶ ಕಪ್ಪಾಗಲಿ ಎಂದು ನೀಲಿಯನ್ನು ವಿಪರೀತ ಎಳೆದಾಗ, ಆಕಾಶವೂ ಬಂಡೆಯೂ ಸೇರುವ ಅಂಚಿನ ಕೆಲವು ಪಿಕ್ಸೆಲ್‌ಗಳು ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನುವಂತೆ ನಡುವೆ ನಿಲ್ಲುತ್ತವೆ. ಅವೇ ಬಿಳಿ ಗೆರೆ. ಕ್ಲಾರಿಟಿ ಹೆಚ್ಚಾದರೂ ಗೆರೆ ಬರುತ್ತದೆ, ಆದರೆ ಅದು ಅಗಲ, ಬೆಟ್ಟದ ಸುತ್ತ ಬೆಳಕಿನ ಪ್ರಭಾವಳಿಯಂತೆ. ಶಾರ್ಪನಿಂಗ್‌ನದ್ದು ಕೂದಲೆಳೆಯಷ್ಟು ಸಣ್ಣದು. ಗೆರೆ ಅಗಲವೋ ಸಣ್ಣದೋ ನೋಡಿ, 100 ಶೇಕಡಾ ಜೂಮ್‌ನಲ್ಲಿ ಒಂದೊಂದೇ ಸ್ಲೈಡರ್ ಸೊನ್ನೆಗೆ ತನ್ನಿ, ಕಳ್ಳ ಸಿಗುತ್ತಾನೆ. ತೆಂಗಿನ ಗರಿಯ ಒಂದು ಬದಿಗೆ ಮಾತ್ರ ಗೆರೆ ಇದ್ದರೆ, ಅದೂ ಚೌಕಟ್ಟಿನ ಮೂಲೆಗಳಲ್ಲಿ ಹೆಚ್ಚಿದ್ದರೆ, ಅದು ಲೆನ್ಸಿನ ಬಣ್ಣದ ಅಂಚು. ಬಣ್ಣ ಇಳಿಸುವ ಮೊದಲೇ ಲೆನ್ಸ್ ಕರೆಕ್ಷನ್ ಹಾಕಬೇಕು, ಆಮೇಲೆ ಹಾಕಿ ಪ್ರಯೋಜನವಿಲ್ಲ.

ಪಟ್ಟೆಗೆ ಕಾರಣ ಜೆಪೆಗ್. ಅದರಲ್ಲಿ ಪ್ರತಿ ಚಾನೆಲ್‌ಗೆ 256 ಮೆಟ್ಟಿಲು ಮಾತ್ರ. 14 ಬಿಟ್‌ನ ರಾದಲ್ಲಿ 16,384. ತಿಳಿ ಆಕಾಶ ಜೆಪೆಗ್‌ನಲ್ಲಿ ಹಿಡಿಯುವುದೇ ಕೆಲವೇ ಮೆಟ್ಟಿಲು, ಅದನ್ನು ಹಿಗ್ಗಿಸಿದರೆ ಮೆಟ್ಟಿಲು ಕಣ್ಣಿಗೆ ಬೀಳುತ್ತದೆ. ಜೂಮ್ ಬದಲಿಸಿದಾಗ ಪಟ್ಟೆ ಜಾಗ ಬದಲಿಸಿದರೆ ಅದು ಪರದೆಯ ಆಟ, ಫೈಲಿನಲ್ಲಿ ಇಲ್ಲ. ಅಲ್ಲಾಡದೆ ನಿಂತರೆ ಫೈಲಿನಲ್ಲೇ ಇದೆ. ರಾದಿಂದ ಮತ್ತೆ ಶುರು ಮಾಡಿ, 16 ಬಿಟ್‌ನಲ್ಲಿ ಕೆಲಸ ಮಾಡಿ, ಕೊನೆಯಲ್ಲಿ ಚಿಟಿಕೆ ಗ್ರೇನ್ ಸೇರಿಸಿ. ಆಕಾಶದ ನಾಯ್ಸ್‌ಗೆ ಕಾರಣ ಬೇರೆ. ಸೆನ್ಸರಿನ ಚುಕ್ಕೆಗಳಲ್ಲಿ ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಹಾಗಾಗಿ ಹಸಿರು ಚಾನೆಲ್ ಶುದ್ಧ, ನೀಲಿ ಸಾಮಾನ್ಯವಾಗಿ ಒರಟು. ನೀಲಿಯನ್ನು ಜಗ್ಗಿದಷ್ಟೂ ಒರಟು ಮೇಲೆ ಬರುತ್ತದೆ.

ಕಪ್ಪು ಚುಕ್ಕೆಗಳ ಬಗ್ಗೆ ಒಂದೇ ಮಾತು. ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿದ್ದರೆ ಸೆನ್ಸರಿನ ಧೂಳು. ಲೆನ್ಸಿನ ಕಿಂಡಿಯನ್ನು ಎಫ್ 22ಕ್ಕೆ ಕಿರಿದಾಗಿಸಿ ಖಾಲಿ ಆಕಾಶ ತೆಗೆದರೆ ಎದ್ದು ಕಾಣುತ್ತದೆ. ಜಾಗ ಬದಲಿಸುತ್ತಿದ್ದರೆ ಹಕ್ಕಿ. ರಂಗನತಿಟ್ಟಿನಲ್ಲಿ ತೆಗೆದ ಚಿತ್ರದಿಂದ ನಾನು ಶ್ರದ್ಧೆಯಿಂದ ಒರೆಸಿ ಹಾಕಿದ ಧೂಳೆಲ್ಲ ಕೊಕ್ಕರೆಗಳೆಂದು ಆಮೇಲೆ ತಿಳಿಯಿತು.

ಬೆಟ್ಟ ಗುಡ್ಡವಾದರೆ

ಇದು ಎಡಿಟಿಂಗ್‌ನಲ್ಲಿ ಹುಡುಕಿದರೆ ಸಿಗದ ದೋಷ. ಕುಕ್ಕರಹಳ್ಳಿ ಕೆರೆಯಿಂದ ಚಾಮುಂಡಿ ಬೆಟ್ಟ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಫೋಟೋದಲ್ಲಿ ಇರುವೆ ಗೂಡಿನಷ್ಟಾಗುತ್ತದೆ. ಬೆಟ್ಟ ಊರಿನ ಮಟ್ಟದಿಂದ ಮೇಲೆದ್ದಿರುವುದು ಸುಮಾರು 300 ಮೀಟರ್, ದೂರ ಸುಮಾರು ಆರು ಕಿಲೋಮೀಟರ್. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನ 18 ಎಂಎಂನಲ್ಲಿ ಅದು ಚೌಕಟ್ಟಿನ ಎತ್ತರದ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲು ಹಿಡಿಯುತ್ತದೆ. 200 ಎಂಎಂ ಹಾಕಿದರೆ ಅರ್ಧಕ್ಕಿಂತ ಹೆಚ್ಚು. ಲೆಕ್ಕ ಇಷ್ಟು ಸುಲಭ ಇರುವಾಗ ಬೆಟ್ಟ ಕಪ್ಪಾದರೆ ದೊಡ್ಡದಾಗುತ್ತದೆ ಎಂದು ಕಾಂಟ್ರಾಸ್ಟ್ ಏರಿಸುವುದು ಯಾಕೆ?

ಅಗಲ ಲೆನ್ಸೇ ಬೇಕಾದರೆ ಮುಂಭಾಗಕ್ಕೆ ಏನಾದರೂ ಕೊಡಿ. ಬಣ್ಣದ ಚಿತ್ರದಲ್ಲಿ ಖಾಲಿ ನೀರು ನೀಲಿಯಾಗಿ ನಿಂತು ಜಾಗ ತುಂಬುತ್ತದೆ, ಕಪ್ಪು ಬಿಳುಪಿನಲ್ಲಿ ಅದು ಬರೀ ಖಾಲಿ. ಒಂದು ಕಲ್ಲು, ಜೊಂಡಿನ ಬುಡ, ನೀರಿನೊಳಗೆ ಬಿದ್ದ ಮರದ ನೆರಳು ಇರಲಿ. ಮರದ ಕೊಂಬೆ ಬೆಟ್ಟದ ಗೆರೆಗೆ ಅಂಟಿಕೊಂಡಿದೆಯೇ ನೋಡಿ. ಬಣ್ಣದಲ್ಲಿ ಹಸಿರು ಕೊಂಬೆ, ನೀಲಿ ಬೆಟ್ಟ ಬೇರೆ ಬೇರೆ ಕಾಣುತ್ತವೆ, ಕಪ್ಪು ಬಿಳುಪಿನಲ್ಲಿ ಎರಡೂ ಸೇರಿ ಒಂದೇ ಮುದ್ದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬಿಡಿಸಿಕೊಳ್ಳುತ್ತವೆ.

ಜಲಪಾತ ಸುಣ್ಣದ ಗೋಡೆಯಾದರೆ

ಮಳೆಗಾಲದಲ್ಲಿ ಗಗನಚುಕ್ಕಿಯ ನೀರು ಸುಣ್ಣ ಬಳಿದ ಗೋಡೆಯಂತೆ ಬಂದರೆ ಎಕ್ಸ್‌ಪೋಶರ್ ತಪ್ಪು. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಎಂದೇ ನಂಬುತ್ತದೆ. ಸುತ್ತಲಿನ ಕಪ್ಪು ಬಂಡೆಯನ್ನು ನೋಡಿ ಅದನ್ನು ಬೂದು ಮಾಡಲು ಹೊರಟು ನೀರನ್ನು ಸುಟ್ಟುಬಿಡುತ್ತದೆ. ಅಮೆರಿಕದ ಫೋಟೋಗ್ರಾಫರ್‌ಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1939–40ರ ಹೊತ್ತಿಗೆ ಕಟ್ಟಿದ ಝೋನ್ ಪದ್ಧತಿಯ ಗುಟ್ಟು ಇದನ್ನು ತಲೆಕೆಳಗು ಮಾಡುವುದು: ಯಾವುದು ಎಷ್ಟು ಬೂದಾಗಬೇಕೆಂದು ನೀವೇ ಮೊದಲು ತೀರ್ಮಾನಿಸಿ. ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ ನೊರೆಯ ಅತಿ ಬೆಳ್ಳಗಿನ ಜಾಗವನ್ನು ಅಳೆದು, ಅದಕ್ಕಿಂತ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು, ಹೆಚ್ಚು ಕೊಡಿ. ನೊರೆ ಬೆಳ್ಳಗೂ ಇರುತ್ತದೆ, ಎಳೆ ಎಳೆಯಾಗಿಯೂ ಕಾಣುತ್ತದೆ. ಬಂಡೆ ಕಪ್ಪಾದರೆ ಆಗಲಿ, ರಾದಲ್ಲಿ ನೆರಳನ್ನು ಎತ್ತಬಹುದು, ಸುಟ್ಟ ಬಿಳುಪನ್ನು ಎತ್ತಲಾಗದು.

ಪ್ರಿಂಟ್ ಹಸಿರಾಗಿ ಬಂತು

ಹುಡುಗ ಚಿತ್ರ ಸರಿಮಾಡಿಕೊಂಡು ಮೈಸೂರಿನ ಒಂದು ಲ್ಯಾಬ್‌ಗೆ 12ಕ್ಕೆ 18 ಇಂಚಿನ ಪ್ರಿಂಟ್‌ಗೆ ಕೊಟ್ಟ. ಬಂದದ್ದು ಎಳೆ ಬಾಳೆ ಎಲೆಯ ಛಾಯೆಯಲ್ಲಿ, ಅದೂ ಕಪ್ಪಗೆ. "ಫೈಲ್ ಸರಿಯಾಗೇ ಇತ್ತಲ್ಲ ಮಾವ" ಅಂದ. ಇತ್ತು. ಕಪ್ಪಗೆ ಬಂದದ್ದು ಅವನ ಮಾನಿಟರಿನಿಂದ. ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದ್ದ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು, ಪರದೆಯ ಬಿಳುಪು ಅದಕ್ಕೆ ಹತ್ತಿರ ಬರುವ ತನಕ ಇಳಿಸಿ.

ಹಸಿರು ಬಂದದ್ದು ಕಾಗದದಿಂದ. ಬಹಳಷ್ಟು ಲ್ಯಾಬ್‌ಗಳು ಕಪ್ಪು ಬಿಳುಪನ್ನೂ ಬಣ್ಣದ ಕಾಗದದ ಮೇಲೆ, ಮೂರು ಬಣ್ಣದ ಪದರ ಸೇರಿಸಿಯೇ ತೆಗೆಯುತ್ತವೆ. ಒಂದು ಪದರ ಕೂದಲಷ್ಟು ತಪ್ಪಿದರೆ ಬಣ್ಣದ ಚಿತ್ರದಲ್ಲಿ ಯಾರಿಗೂ ತಿಳಿಯದು, ಕಪ್ಪು ಬಿಳುಪಿನಲ್ಲಿ ಊರಿಗೇ ತಿಳಿಯುತ್ತದೆ. ಮೊದಲು ಪ್ರಿಂಟನ್ನು ಅಂಗಡಿಯ ದೀಪದಿಂದ ಹೊರಗೆ ತಂದು ಹಗಲು ಬೆಳಕಿನ ನೆರಳಲ್ಲಿ ನೋಡಿ. ಛಾಯೆ ಹೋದರೆ ದೀಪದ್ದು, ಉಳಿದರೆ ಪ್ರಿಂಟಿನದು.

ಈಗ ನಾನು ದೊಡ್ಡ ಪ್ರಿಂಟ್‌ಗೆ ಕೊಡುವ ಮೊದಲು ಒಂದು ಚಿಕ್ಕ ಪಟ್ಟಿ ಹಾಕಿಸುತ್ತೇನೆ: ಸೊನ್ನೆಯಿಂದ 250ರವರೆಗೆ 25ರ ಅಂತರದಲ್ಲಿ 11 ಚೌಕ, ಪಕ್ಕದಲ್ಲಿ ಚಿತ್ರದ ಒಂದು ತುಣುಕು. ಮೊದಲ ಎರಡು ಮೂರು ಚೌಕ ಒಂದೇ ಕಪ್ಪಾಗಿ ಸೇರಿಕೊಂಡರೆ ಫೈಲಿನ ನೆರಳುಗಳನ್ನು ಅಷ್ಟೇ ಎತ್ತಿ ಕೊಡಬೇಕು. ಹನ್ನೊಂದಕ್ಕೂ ಒಂದೇ ಛಾಯೆ ಇದ್ದರೆ ಲ್ಯಾಬಿನವರು ಯಂತ್ರದಲ್ಲೇ ತಿದ್ದಬಲ್ಲರು, ಪಟ್ಟಿ ತೋರಿಸಿ ವಿನಯವಾಗಿ ಕೇಳಿ. ನೆರಳಿನ ಕಡೆ ಹಸಿರು, ಬೆಳಕಿನ ಕಡೆ ನೇರಳೆ ಎಂದು ಎರಡು ಛಾಯೆ ಬಂದರೆ ಆ ಕಾಗದದ ಮೇಲೆ ತಿದ್ದುವುದು ಕಷ್ಟ. ಬೂದುಬಣ್ಣದ ಬೇರೆ ಬೇರೆ ಶಾಯಿ ಇರುವ ಇಂಕ್‌ಜೆಟ್ ಪ್ರಿಂಟರ್ ಇಟ್ಟವರನ್ನು ಹುಡುಕಿ.

ಹುಡುಗನ ಪಟ್ಟಿಯಲ್ಲಿ ಹನ್ನೊಂದಕ್ಕೂ ಒಂದೇ ಹಸಿರು. ಅದೇ ಲ್ಯಾಬಿನವರು ತಿದ್ದಿ ಕೊಟ್ಟರು. ಮುಂಭಾಗದ ಬಂಡೆ ಮಾತ್ರ ಇನ್ನೂ ಸಪ್ಪೆ. ಅದಕ್ಕಾಗಿ ಬರುವ ಭಾನುವಾರ ಬೆಳಗ್ಗೆ ಐದಕ್ಕೆ ಮಂಡ್ಯ ಬಿಡಬೇಕು ಎಂದಿದ್ದೇನೆ, "ಐದಕ್ಕಾ?" ಎಂದು ಫೋನ್ ಇಟ್ಟವನು ಇನ್ನೂ ತಿರುಗಿ ಮಾಡಿಲ್ಲ.